ದಾನವೋ ಭಾಗವೋ?

ಮನುಷ್ಯನ ಕೈಗೆ ಹಣವು ನ್ಯಾಯವಾಗಿ ಬರುವ ದಾರಿಗಳನ್ನು ಮೂರು ಮಾತುಗಳಲ್ಲಿ ಅಡಗಿಸಬಹುದು: ಭೃತಿ, ದಾನ, ಭಾಗ. ದುಡಿದುದಕ್ಕೆ ಬರುವುದು ಭೃತಿ. ರೈತನ ಬೆಳೆಯನ್ನೂ ವರ್ತಕನ ಲಾಭವನ್ನೂ ದುಡಿಮೆಯ ಫಲವೆಂದು ಇದರಲ್ಲಿಯೇ ಸೇರಿಸಬಹುದು. ಕೊಡುವವನ ದಯೆಯಿಂದ ಬರುವುದು ದಾನ. ಒಂದು ಮನೆತನದಲ್ಲಿ ಹುಟ್ಟಿದ ಮಾತ್ರದಿಂದಲೇ ಬರುವುದು ಭಾಗ. ಮೂರು ದಾರಿಗಳಿಂದ ಬಂದ ರೂಪಾಯಿಗೂ ಪೇಟೆಯಲ್ಲಿ ಬೆಲೆ ಒಂದೇ. ಆದರೆ ಅದನ್ನು ಪಡೆಯುವವನ ನಿಲುವಿನಲ್ಲಿ ಭೇದವುಂಟು. ಭೃತಿಯನ್ನು ಎಣಿಸಿಕೊಂಡು ಪಡೆಯುವನು. ದಾನವನ್ನು ತಲೆಬಾಗಿ ಪಡೆಯುವನು. ಭಾಗವನ್ನು ಕೇಳಿ ಪಡೆಯುವನು.

ಈ ಭೇದವನ್ನು ಮೊದಲು ಹೇಳಬೇಕಾದುದಕ್ಕೆ ಕಾರಣವಿದೆ. ಈಚೆಗೆ ಹಲವು ದೇಶಗಳ ಅರ್ಥಶಾಸ್ತ್ರಜ್ಞರು ಸಾರ್ವತ್ರಿಕ ಮೂಲ ಆದಾಯವೆಂಬ ಒಂದು ಯೋಜನೆಯನ್ನು ಕುರಿತು ವಾದಿಸುತ್ತಿರುವರು. ಅದರ ಲಕ್ಷಣಗಳು ಐದು. ಅದು ಹಣದ ರೂಪದಲ್ಲಿರಬೇಕು, ನಿಯತಕಾಲಕ್ಕೆ ಬರುತ್ತಿರಬೇಕು, ಮನೆತನಕ್ಕಲ್ಲದೆ ಒಬ್ಬೊಬ್ಬ ವ್ಯಕ್ತಿಗೂ ಬೇರೆಬೇರೆಯಾಗಿ ಸಲ್ಲಬೇಕು, ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಸಲ್ಲಬೇಕು, ಇಂತಹ ಕೆಲಸವನ್ನು ಮಾಡಿದರೆ ಮಾತ್ರ ಎಂಬ ನಿಬಂಧನೆ ಅದಕ್ಕಿರಬಾರದು. ಭಾರತ ಸರ್ಕಾರದ ೨೦೧೬–೧೭ರ ಆರ್ಥಿಕ ಸಮೀಕ್ಷೆಯು ಒಂದು ಇಡೀ ಅಧ್ಯಾಯವನ್ನು ಇದಕ್ಕೆ ಮೀಸಲಾಗಿಟ್ಟಿತು. ಈ ಹಣವನ್ನು ಮೇಲಿನ ಮೂರರಲ್ಲಿ ಯಾವ ಹೆಸರಿನಿಂದ ಕರೆಯಬೇಕು? ಗುಣದೋಷಗಳ ವಿಚಾರವೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಹಿಡಿದುಕೊಂಡಿರುವುದು.

ದಾನಕ್ಕೆ ಪಾತ್ರಾಪಾತ್ರವಿವೇಚನೆ ಅಗತ್ಯವೆಂದು ಪ್ರಾಚೀನರು ವಿಧಿಸಿದರು. ಭಗವದ್ಗೀತೆಯ ೧೭ನೆಯ ಅಧ್ಯಾಯದಲ್ಲಿ ಸಾತ್ತ್ವಿಕದಾನದ ಲಕ್ಷಣವನ್ನು ಹೇಳುವಾಗ ದೇಶಕಾಲಗಳೊಡನೆ ಪಾತ್ರವನ್ನೂ ಗಣಿಸಿದೆ. ಕೊಡುವವನು ಒಬ್ಬ ಗೃಹಸ್ಥನಾಗಿ, ಬೇಡುವವನು ಅವನ ಬಾಗಿಲಿಗೆ ಬಂದವನಾಗಿದ್ದಾಗ ಈ ವಿವೇಚನೆ ಸುಲಭವಾಗಿದ್ದಿತು. ಕೊಡುವವನು ಸರ್ಕಾರವಾಗಿ, ಪಡೆಯುವವರು ಕೋಟಿಗಟ್ಟಲೆಯಾದಾಗ, ವಿವೇಚನೆಯು ಕಾಗದಗಳ ಕೆಲಸವಾಗುವುದು. ತಾಲ್ಲೂಕಿನ ಯಾವುದೋ ಮೂಲೆಯ ಒಬ್ಬ ವಿಧವೆಯನ್ನು ಭಾವಿಸಿಕೊಳ್ಳಬಹುದು. ಆಕೆ ಬಡವಳೆಂಬುದು ಊರಿಗೆಲ್ಲ ತಿಳಿದ ವಿಷಯ. ಆದರೂ ಆದಾಯದ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಒಂದು ದಿನ, ಪಡಿತರ ಚೀಟಿಯ ಹೆಸರು ತಿದ್ದಿಸುವುದಕ್ಕೆ ಮತ್ತೊಂದು ದಿನ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸುವುದಕ್ಕೆ ಇನ್ನೊಂದು ದಿನ ಆಕೆಯ ಕೂಲಿಯು ಹೋಗುವುದು. ಕೊನೆಗೆ ಬೆರಳಚ್ಚಿನ ಯಂತ್ರದ ಮುಂದೆ ನಿಂತರೆ, ದುಡಿದು ದುಡಿದು ಗೆರೆ ಸವೆದ ಬೆರಳನ್ನು ಯಂತ್ರವು ಗುರುತಿಸದೆ ಹೋಗುವುದೂ ಉಂಟು. ಕಾಯಕದ ಗುರುತೇ ಆಕೆಯ ಪಾತ್ರತೆಗೆ ಅಡ್ಡಿಯಾಗುವುದೆಂದರೆ ಇದಕ್ಕಿಂತಲೂ ವಿಪರೀತವುಂಟೇ?

ಪಾತ್ರತೆಯನ್ನು ಪರೀಕ್ಷಿಸುವಾಗ ಎರಡು ಬಗೆಯ ತಪ್ಪುಗಳು ಆಗುವುವು. ಅಪಾತ್ರನು ಒಳಗೆ ಬರುವುದು ಒಂದು. ಪಾತ್ರನು ಹೊರಗೆ ಉಳಿಯುವುದು ಎರಡನೆಯದು. ಮೊದಲನೆಯದರಿಂದ ಬೊಕ್ಕಸಕ್ಕೆ ನಷ್ಟ. ಎರಡನೆಯದರಿಂದ ಒಂದು ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಬೊಕ್ಕಸದ ನಷ್ಟಕ್ಕೆ ಲೆಕ್ಕಪತ್ರವಿರುವುದು, ಪತ್ರಿಕೆಗಳಲ್ಲಿ ಕೂಗಾಟವಿರುವುದು. ಹೊತ್ತದ ಒಲೆಗೆ ಲೆಕ್ಕವಿಡುವವರಾರು? ಆದುದರಿಂದ ಅಧಿಕಾರಿಗಳು ಸಹಜವಾಗಿಯೇ ಮೊದಲನೆಯ ತಪ್ಪಿಗೆ ಹೆಚ್ಚು ಹೆದರುವರು. ಎಲ್ಲರಿಗೂ ಕೊಡುವ ಯೋಜನೆಯ ಮೊದಲನೆಯ ಗುಣವೆಂದರೆ, ಅದು ಈ ಪರೀಕ್ಷೆಯನ್ನೇ ತೆಗೆದುಹಾಕುವುದು. ಪರೀಕ್ಷೆಯಿಲ್ಲದ ಮೇಲೆ ಪರೀಕ್ಷಕನ ಕೈಬಿಸಿಯೂ ಇಲ್ಲ, ದಲ್ಲಾಳಿಯೂ ಇಲ್ಲ.

ದಾನದ ಇನ್ನೊಂದು ಸ್ವಭಾವವನ್ನು ಸಂಸ್ಕೃತ ಪಾಠಶಾಲೆಗಳ ಹಿಂದಿನ ವಾರಾನ್ನದ ಪದ್ಧತಿಯಿಂದ ತಿಳಿಯಬಹುದು. ಬಡ ವಿದ್ಯಾರ್ಥಿಯು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಶಬ್ದಮಂಜರಿಯನ್ನೂ ಕಾವ್ಯವನ್ನೂ ಓದಿ ಮುಂದಕ್ಕೆ ಬರುತ್ತಿದ್ದನು. ಆ ಅನ್ನದಿಂದ ದೊಡ್ಡ ವಿದ್ವಾಂಸರಾದವರುಂಟು. ಆ ಗೃಹಿಣಿಯರ ಪುಣ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಏಳು ಮನೆಗಳ ಅನ್ನವೂ ಒಂದೇ ರುಚಿಯಾಗಿರುತ್ತಿರಲಿಲ್ಲ. ಒಂದು ಮನೆಯಲ್ಲಿ ಸ್ವಂತ ಮಗನಿಗೆಂಬಂತೆ ತುಪ್ಪ ಬೀಳುತ್ತಿದ್ದಿತು. ಇನ್ನೊಂದು ಮನೆಯಲ್ಲಿ ಹುಳಿಯೊಡನೆ ಒಂದು ಹುಳಿಮಾತೂ ಬೀಳುತ್ತಿದ್ದಿತು. ಮನೆಯವರು ಊರಿಗೆ ಹೋದ ದಿನ ಹುಡುಗನಿಗೆ ಏಕಾದಶಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಬಾಗಿಲುಗಳು ಜಾತಿಯನ್ನು ನೋಡಿ ತೆರೆಯುತ್ತಿದ್ದುವು. ಅದೇ ಊರಿನ ಕೇರಿಯ ಹುಡುಗನಿಗೆ ಯಾವ ವಾರವೂ ಇರಲಿಲ್ಲ. ಕೊಡುವವನ ಮನಸ್ಸನ್ನು ನೆಚ್ಚಿಕೊಂಡ ಅನ್ನದ ಗತಿಯು ಇಷ್ಟೇ.

ಇನ್ನು ಭಾಗವೆಂಬ ಮಾತನ್ನು ನೋಡೋಣವಾಗಲಿ. ಇದನ್ನು ಕುರಿತು ಭಾರತದಲ್ಲಿ ಅತ್ಯಂತ ಖಚಿತವಾಗಿ ವಿಚಾರಮಾಡಿದವನು ಕನ್ನಡನಾಡಿನ ಕಲ್ಯಾಣದವನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯೆಂಬ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟು ಬಹುಮಟ್ಟಿಗೆ ದೇಶದ ಎಲ್ಲ ಕಡೆಯಲ್ಲಿಯೂ ನ್ಯಾಯಸ್ಥಾನಗಳಿಗೆ ಪ್ರಮಾಣವಾಯಿತು. ಪಿತ್ರಾರ್ಜಿತದ ಮೇಲೆ ಮಗನಿಗೆ ಹಕ್ಕು ಬರುವುದು ಯಾವಾಗ ಎಂಬುದು ಅಲ್ಲಿಯ ಪ್ರಶ್ನೆ. ತಂದೆಯು ತೀರಿಕೊಂಡ ಮೇಲೆ ಎಂಬುದು ಬಂಗಾಳದ ಜೀಮೂತವಾಹನನ ಮತ. ಹುಟ್ಟಿದ ಕ್ಷಣದಲ್ಲಿಯೇ ಎಂಬುದು ವಿಜ್ಞಾನೇಶ್ವರನ ಸಿದ್ಧಾಂತ. ತೊಟ್ಟಿಲಲ್ಲಿರುವ ಕೂಸು ಏನನ್ನೂ ದುಡಿದಿಲ್ಲ, ಯಾರನ್ನೂ ಸೇವಿಸಿಲ್ಲ. ಒಳ್ಳೆಯದಾಗುವುದೋ ಕೆಟ್ಟದಾಗುವುದೋ ಯಾರಿಗೂ ತಿಳಿಯದು. ಆದರೂ ಅದಕ್ಕೆ ಪಾಲುಂಟು. ಅಲ್ಲಿ ಪಾತ್ರತೆಯ ಪರೀಕ್ಷೆಯೇ ಹುಟ್ಟುವುದಿಲ್ಲ.

ಮನೆತನದ ಆಸ್ತಿಗೆ ಹೇಳಿದ ಈ ಮಾತನ್ನು ಭೂಮಂಡಲಕ್ಕೇ ವಿಸ್ತರಿಸಿದರೆ ಏನಾಗುವುದು? ಮಿತಾಕ್ಷರೆಯ ಹೆಸರನ್ನು ಕೇಳಿದ್ದನೋ ಇಲ್ಲವೋ, ೧೭೯೭ರಲ್ಲಿ ಥಾಮಸ್ ಪೇನನು ಭೂಮಿಯ ನ್ಯಾಯವನ್ನು ಕುರಿತ ತನ್ನ ಸಣ್ಣ ಪುಸ್ತಕದಲ್ಲಿ ಅದನ್ನೇ ಮಾಡಿದನು. ಭೂಮಿಯು ಸ್ವಭಾವತಃ ಎಲ್ಲರ ಸೊತ್ತು. ಉಳುಮೆಗಾಗಿ ಕೆಲವರು ಅದನ್ನು ಬೇಲಿಹಾಕಿ ಹಿಡಿದಿರುವರು. ಆದುದರಿಂದ ಹಿಡಿದವರು ಮಿಕ್ಕವರಿಗೆ ನೆಲದ ಬಾಡಿಗೆಯನ್ನು ಸಲ್ಲಿಸಬೇಕು ಎಂಬುದು ಅವನ ವಾದ. ಸತ್ತವರ ಆಸ್ತಿಯ ಮೇಲೆ ತೆರಿಗೆ ಹಾಕಿ, ೨೧ ವರ್ಷ ತುಂಬಿದ ಪ್ರತಿಯೊಬ್ಬರಿಗೂ ಒಂದು ಸಲ ೧೫ ಪೌಂಡನ್ನೂ, ೫೦ ವರ್ಷ ದಾಟಿದವರಿಗೆ ವರ್ಷಕ್ಕೆ ೧೦ ಪೌಂಡನ್ನೂ ಕೊಡಬೇಕೆಂದು ಲೆಕ್ಕಹಾಕಿದನು. ಇದು ಭಿಕ್ಷೆಯಲ್ಲ, ಹಕ್ಕು ಎಂದು ಒತ್ತಿ ಹೇಳಿದನು. ಇಂಗ್ಲೆಂಡಾಗಲಿ ಫ್ರಾನ್ಸಾಗಲಿ ಆಗ ಅದನ್ನು ಆಚರಣೆಗೆ ತರಲಿಲ್ಲ.

ಆಚರಣೆಗೆ ತಂದುದು ಬಹುಕಾಲದ ಮೇಲೆ ಅಮೆರಿಕದ ಉತ್ತರದ ಹಿಮಸೀಮೆಯಾದ ಅಲಾಸ್ಕ. ಅಲ್ಲಿ ೧೯೬೮ರಲ್ಲಿ ಅಪಾರವಾದ ಎಣ್ಣೆಯ ನಿಧಿ ದೊರಕಿತು. ನೆಲದಡಿಯ ಎಣ್ಣೆಯು ಒಂದು ತಲೆಮಾರಿನ ಸೊತ್ತಲ್ಲವೆಂದು ಭಾವಿಸಿ, ೧೯೭೬ರಲ್ಲಿ ರಾಜ್ಯಾಂಗವನ್ನು ತಿದ್ದಿ, ಎಣ್ಣೆಯ ಉತ್ಪತ್ತಿಯ ಒಂದಂಶವನ್ನು ಶಾಶ್ವತ ನಿಧಿಯಾಗಿ ಕೂಡಿಟ್ಟರು. ಅದರ ಲಾಭದಿಂದ ೧೯೮೨ರಲ್ಲಿ ಅಲ್ಲಿಯ ನಿವಾಸಿಗಳಿಗೆ ತಲೆಗೆ ೧೦೦೦ ಡಾಲರು ಹಂಚಿದರು. ಅಂದಿನಿಂದ ವರ್ಷಕ್ಕೊಮ್ಮೆ ಹಂಚುತ್ತ ಬಂದಿರುವರು. ಮಕ್ಕಳಿಗೂ ಪಾಲುಂಟು. ಈ ಹಣವನ್ನು ಪಡೆಯುವಾಗ ಅಲಾಸ್ಕದ ಬಡವನು ತಲೆತಗ್ಗಿಸುವುದಿಲ್ಲ. ಶ್ರೀಮಂತನೂ ಅದನ್ನು ಬೇಡವೆನ್ನುವುದಿಲ್ಲ. ಭಾಗವೆಂಬ ಹೆಸರಿನ ಮಹಿಮೆ ಅದು.

ಇಲ್ಲಿ ಪ್ರತಿಪಕ್ಷದವರು ಮಾತೆತ್ತುವರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದ ನಾಡು ಇದು. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದೆಂದೂ ಹೇಳಿದೆ. ವಿಜ್ಞಾನೇಶ್ವರನ ಆ ಕಲ್ಯಾಣದಲ್ಲಿಯೇ, ಅವನ ತರುವಾಯ ಹೆಚ್ಚು ಕಾಲ ಕಳೆಯುವುದರೊಳಗಾಗಿ, ಶರಣರು ಕಾಯಕದ ಧರ್ಮವನ್ನು ಸಾರಿದರು. ಆಯ್ದಕ್ಕಿಯ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ತಂದ ಕಡೆಗೇ ಹಿಂದಿರುಗಿಸೆಂದು ಹೇಳಿದ ಕಥೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ಗಾಂಧೀಜಿಯವರೂ ೧೯೨೫ರಲ್ಲಿ, ಮೈಗಟ್ಟಿಯಿದ್ದವನಿಗೆ ದುಡಿಸಿಕೊಳ್ಳದೆ ಊಟ ಹಾಕುವುದನ್ನು ತಮ್ಮ ಅಹಿಂಸೆಯು ಒಪ್ಪದೆಂದು ಬರೆದರು. ದುಡಿಯದವನಿಗೂ ತಿಂಗಳು ತಿಂಗಳಿಗೆ ಹಣ ಬಂದರೆ ಹೊಲಕ್ಕೆ ಆಳು ಸಿಕ್ಕುವರೇ? ಹುಡುಗರು ಕಟ್ಟೆಯ ಮೇಲೆ ಕುಳಿತು ಕೆಡುವುದಿಲ್ಲವೇ? ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಆದರೆ ಇದಕ್ಕೆ ಮೊದಲನೆಯ ಉತ್ತರವು ಲೋಕದ ನಡೆವಳಿಕೆಯಲ್ಲಿಯೇ ಇದೆ. ನಿವೃತ್ತನಾದ ಉಪಾಧ್ಯಾಯನು ತಿಂಗಳು ತಿಂಗಳಿಗೆ ವಿಶ್ರಾಂತಿವೇತನವನ್ನು ತರುವನು. ಅವನು ಅದರಿಂದ ಕೆಟ್ಟುಹೋದನೆಂದು ಯಾರೂ ಹೇಳಿಲ್ಲ. ತೆಂಗಿನ ತೋಟವನ್ನು ತಂದೆಯಿಂದ ಪಡೆದವನು ಗುತ್ತಿಗೆಯ ಹಣವನ್ನು ಎಣಿಸಿಕೊಳ್ಳುವನು. ಅವನನ್ನು ಊರಿನ ಹಿರಿಯನೆಂದು ಸಭೆಯಲ್ಲಿ ಮುಂದೆ ಕೂರಿಸುವರು. ದುಡಿಯದೆ ಬರುವ ಹಣವು ಬಡವನನ್ನು ಮಾತ್ರವೇ ಸೋಮಾರಿಯಾಗಿ ಮಾಡುವುದೆಂದು ನಂಬುವುದಕ್ಕೆ ಆಧಾರವೇನು?

ಎರಡನೆಯ ಉತ್ತರವು ಅನುಭವದಿಂದ ಬಂದುದು. ಸ್ವಂತ ದುಡಿಮೆಯ ಹೆಂಗಸರ ಸಂಘವಾದ ‘ಸೇವಾ’ ಸಂಸ್ಥೆಯು ಯೂನಿಸೆಫ್‌ನ ಸಹಾಯದಿಂದ ೨೦೧೧–೧೨ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿತು. ಎಂಟು ಹಳ್ಳಿಗಳಲ್ಲಿ ವಯಸ್ಕರಿಗೆ ತಿಂಗಳಿಗೆ ೨೦೦ ರೂಪಾಯಿ, ಮಕ್ಕಳ ಹೆಸರಿನಲ್ಲಿ ೧೦೦ ರೂಪಾಯಿ ಸಲ್ಲುತ್ತಿದ್ದಿತು. ಒಂದು ವರ್ಷದ ಮೇಲೆ ಇದನ್ನು ೩೦೦ಕ್ಕೂ ೧೫೦ಕ್ಕೂ ಏರಿಸಿದರು. ಹಣ ಕೊಡದ ಬೇರೆ ಹಳ್ಳಿಗಳೊಡನೆ ಹೋಲಿಸಿ ನೋಡಿದರು. ಮಕ್ಕಳ ಮೈತುಂಬಿತು; ಹುಡುಗಿಯರ ಓದಿಗೆ ಹೆಚ್ಚು ವೆಚ್ಚವಾಯಿತು; ಕುರಿಮೇಕೆಗಳನ್ನೂ ಬಿತ್ತನೆಯ ಬೀಜವನ್ನೂ ಕೊಂಡರು; ಪರರ ಹೊಲದ ಕೂಲಿಯನ್ನು ಬಿಟ್ಟು ಸ್ವಂತ ಕೆಲಸಕ್ಕೆ ಕೈಹಾಕಿದವರು ಹೆಚ್ಚಿದರು. ಹೆಂಡದ ಖರ್ಚು ಏರಿದುದು ಕಾಣಬರಲಿಲ್ಲ. ಫಿನ್ಲೆಂಡಿನಲ್ಲಿ ೨೦೧೭–೧೮ರಲ್ಲಿ ಕೆಲಸವಿಲ್ಲದ ೨೦೦೦ ಜನರಿಗೆ ತಿಂಗಳಿಗೆ ೫೬೦ ಯೂರೋಗಳನ್ನು ನಿಬಂಧನೆಯಿಲ್ಲದೆ ಕೊಟ್ಟಾಗಲೂ ಅವರು ಸೋಮಾರಿಗಳಾಗಲಿಲ್ಲ. ದುಡಿದ ದಿನಗಳು ಸ್ವಲ್ಪ ಹೆಚ್ಚಾದುವು, ಚಿತ್ತದ ಉದ್ವೇಗವು ಕಡಮೆಯಾಯಿತು. ಹಸಿವು ಮನುಷ್ಯನನ್ನು ದುಡಿಸುವುದೇನೋ ನಿಜ. ಆದರೆ ಅದು ಅವನನ್ನು ಸಿಕ್ಕಿದ ಕೂಲಿಗೆ ದುಡಿಸುವುದು. ತುಸು ನೆಮ್ಮದಿಯಿದ್ದವನು ತಕ್ಕ ಕೂಲಿಗೆ ದುಡಿಯುವನು. ಹೊಲಕ್ಕೆ ಆಳು ಸಿಕ್ಕುವುದಿಲ್ಲವೆಂಬ ದೂರಿನಲ್ಲಿ, ಕಡಮೆ ಕೂಲಿಗೆ ಸಿಕ್ಕುವುದಿಲ್ಲವೆಂಬ ಅರ್ಥವೂ ಕೊಂಚ ಅಡಗಿರುವುದು.

ಇಷ್ಟು ಹೇಳಿದ ಮೇಲೆ ಈ ಪರೀಕ್ಷೆಗಳ ಮಿತಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದೆರಡು ವರ್ಷದ ಮೇಲೆ ಹಣವು ನಿಲ್ಲುವುದೆಂದು ತಿಳಿದವನು ನಡೆದುಕೊಳ್ಳುವ ರೀತಿಯೇ ಬೇರೆ, ಜೀವಮಾನವೆಲ್ಲ ಬರುವುದೆಂದು ತಿಳಿದವನ ರೀತಿಯೇ ಬೇರೆ. ಎಂಟು ಹಳ್ಳಿಗಳಿಗೆ ಹೊರಗಿನಿಂದ ಹಣ ತಂದು ಹಂಚುವುದು ಸುಲಭ. ದೇಶಕ್ಕೆಲ್ಲ ಹಂಚುವಾಗ ಹೊರಗೆಂಬುದೇ ಇಲ್ಲ, ದೇಶವೇ ಅದನ್ನು ತೆತ್ತುಕೊಳ್ಳಬೇಕು.

ತೆರುವ ಲೆಕ್ಕವೇ ಈ ಯೋಜನೆಯ ಮೊದಲನೆಯ ದೊಡ್ಡ ತೊಡಕು. ೧೪೦ ಕೋಟಿ ಜನರಿಗೆ ತಲೆಗೆ ತಿಂಗಳಿಗೆ ೧೦೦೦ ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ೧೬ ಲಕ್ಷದ ೮೦ ಸಾವಿರ ಕೋಟಿ ರೂಪಾಯಿ ಬೇಕು. ೨೦೨೫–೨೬ರ ಕೇಂದ್ರ ಮುಂಗಡಪತ್ರದ ಒಟ್ಟು ವೆಚ್ಚವು ಸುಮಾರು ೫೦ ಲಕ್ಷದ ೬೫ ಸಾವಿರ ಕೋಟಿ. ಅದರ ಮೂರನೆಯ ಒಂದು ಭಾಗವು ಇದೊಂದಕ್ಕೇ ಹೋಗುವುದು. ೨೦೧೬–೧೭ರ ಸಮೀಕ್ಷೆಯು ವರ್ಷಕ್ಕೆ ತಲೆಗೆ ೭೬೨೦ ರೂಪಾಯಿಯೆಂದು ಲೆಕ್ಕಹಾಕಿ, ಮೇಲಿನ ಕಾಲುಭಾಗದ ಸ್ಥಿತಿವಂತರನ್ನು ಬಿಟ್ಟರೂ ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ಸುಮಾರು ೫ ಪಾಲು ಬೇಕಾಗುವುದೆಂದು ಕಂಡಿತು. ಕಾಲುಭಾಗವನ್ನು ಬಿಡುವುದೆಂದರೆ, ಯಾರನ್ನು ಬಿಡಬೇಕೆಂಬ ಪರೀಕ್ಷೆಯು ಮತ್ತೆ ಬಾಗಿಲಲ್ಲಿ ಬಂದು ನಿಂತಿತು. ಬಿಡದೆ ಎಲ್ಲರಿಗೂ ಕೊಟ್ಟರೆ ಶ್ರೀಮಂತನಿಗೂ ಏತಕ್ಕೆ ಎಂಬ ಪ್ರಶ್ನೆ. ಇದಕ್ಕೆ ದಾಯವಿಭಾಗದ ನ್ಯಾಯವೇ ಉತ್ತರ ಹೇಳಬಲ್ಲುದು: ಪಾಲನ್ನು ಪಡೆದವನು ಮನೆತನದ ಸಾಲಕ್ಕೂ ಬಾಧ್ಯನು. ಶ್ರೀಮಂತನೂ ಪಾಲನ್ನು ಪಡೆಯಲಿ. ಆದರೆ ಅದರ ಹಲವು ಮಡಿಯನ್ನು ತೆರಿಗೆಯಾಗಿ ಹಿಂದಕ್ಕೆ ಸಲ್ಲಿಸಲಿ. ಇದು ಹೇಳುವುದಕ್ಕೆ ಸುಲಭ. ಪಾಲನ್ನು ಕೇಳುವಷ್ಟೇ ಗಟ್ಟಿಯಾದ ದನಿಯಲ್ಲಿ ಸಾಲವನ್ನು ಒಪ್ಪಿಕೊಳ್ಳುವ ಶ್ರೀಮಂತರು ಯಾವ ದೇಶದಲ್ಲಿಯೂ ವಿರಳ.

ಎರಡನೆಯ ತೊಡಕು ಹಣದ ಸ್ವಭಾವದ್ದು. ಅಕ್ಕಿಯ ಸೇರು ಇಂದಿಗೂ ನಾಳೆಗೂ ಸೇರೇ; ರೂಪಾಯಿಯು ವರ್ಷದಿಂದ ವರ್ಷಕ್ಕೆ ಸವೆಯುವುದು. ಇರಾನ್ ದೇಶವು ೨೦೧೦ರ ಕೊನೆಯಲ್ಲಿ ಎಣ್ಣೆ ಮತ್ತು ರೊಟ್ಟಿಯ ಸಹಾಯಧನವನ್ನು ಇಳಿಸಿ, ಅದರ ಬದಲಾಗಿ ತಲೆಗೆ ತಿಂಗಳಿಗೆ ೪,೫೫,೦೦೦ ರಿಯಾಲುಗಳನ್ನು ಹಂಚಲಾರಂಭಿಸಿತು. ಮೊದಲಿಗೆ ಅದು ಬಡ ಸಂಸಾರಗಳಿಗೆ ದೊಡ್ಡ ಆಧಾರವಾಗಿದ್ದಿತು. ಬೆಲೆಗಳು ಏರುತ್ತ ಹೋದುವು. ಮೊತ್ತವು ಬಹುಕಾಲ ಇದ್ದಲ್ಲಿಯೇ ನಿಂತಿತು. ಕೆಲವೇ ವರ್ಷಗಳಲ್ಲಿ ಅದರ ಸತ್ತ್ವವೆಲ್ಲ ಇಂಗಿಹೋಯಿತು. ಇದಕ್ಕೆ ಪರದೇಶಕ್ಕೆ ಹೋಗಬೇಕಾದುದೂ ಇಲ್ಲ. ಭಾರತದಲ್ಲಿ ೬೦ರಿಂದ ೭೯ ವರ್ಷದ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರವು ಕೊಡುವ ಅಂಶವು ೨೦೧೧ರಲ್ಲಿ ತಿಂಗಳಿಗೆ ೨೦೦ ರೂಪಾಯಿ ಇದ್ದಿತು. ಹನ್ನೆರಡು ವರ್ಷ ಕಳೆದ ಮೇಲೂ ಅಷ್ಟೇ ಇದ್ದಿತು. ಈ ಅವಧಿಯಲ್ಲಿ ಬೇಳೆಯ ಬೆಲೆಯು ಸುಮ್ಮನೆ ಕುಳಿತಿತ್ತೇ? ಅಲಾಸ್ಕದಲ್ಲಿಯೂ ೨೦೧೬ರಲ್ಲಿ ಬೊಕ್ಕಸಕ್ಕೆ ಕಷ್ಟ ಬಂದಾಗ ರಾಜ್ಯಪಾಲನು ಆ ವರ್ಷದ ಹಂಚಿಕೆಯನ್ನು ಅರ್ಧದಷ್ಟು ತಡೆದುದರಿಂದ ತಲೆಗೆ ೧೦೨೨ ಡಾಲರು ಮಾತ್ರ ಸಂದಿತು. ಭಾಗವೆಂದು ಹೆಸರಿಟ್ಟ ಮಾತ್ರಕ್ಕೆ ಅದು ಭಾಗವಾಗದು. ಅಧಿಕಾರದಲ್ಲಿರುವವನ ಒಂದು ಸಹಿಯು ಅದನ್ನು ಮತ್ತೆ ದಾನವನ್ನಾಗಿ ಮಾಡಬಲ್ಲುದು.

ಮೂರನೆಯ ತೊಡಕು ಎಲ್ಲಕ್ಕಿಂತಲೂ ಗಂಭೀರವಾದುದು. ಎಲ್ಲರ ಕೈಗೂ ಹಣ ಕೊಟ್ಟಮೇಲೆ ಪಡಿತರದ ಅಂಗಡಿ ಏತಕ್ಕೆ, ಸರ್ಕಾರಿ ಶಾಲೆ ಏತಕ್ಕೆ, ಧರ್ಮಾಸ್ಪತ್ರೆ ಏತಕ್ಕೆ, ಬೇಕಾದವರು ಬೇಕಾದುದನ್ನು ಪೇಟೆಯಲ್ಲಿ ಕೊಂಡುಕೊಳ್ಳಲಿ ಎಂದು ಹೇಳುವ ಪಕ್ಷವೊಂದುಂಟು. ಇಲ್ಲಿ ಧರ್ಮಶಾಸ್ತ್ರಕಾರರ ಒಂದು ವಿವೇಕವು ಸ್ಮರಣೀಯವಾಗಿದೆ. ಆಸ್ತಿಯನ್ನು ಪಾಲುಮಾಡುವ ವಿಧಿಯನ್ನು ಹೇಳಿದವರೇ, ಪಾಲುಮಾಡಬಾರದ ವಸ್ತುಗಳ ಪಟ್ಟಿಯನ್ನೂ ಕೊಟ್ಟಿರುವರು. ಮನುಸ್ಮೃತಿಯ ೯ನೆಯ ಅಧ್ಯಾಯದ ಆ ಪಟ್ಟಿಯಲ್ಲಿ ನೀರೂ ದನಗಳ ಓಡಾಟದ ದಾರಿಯೂ ಸೇರಿವೆ. ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳಬಹುದು. ಬಾವಿಯನ್ನು ಹಂಚಿಕೊಂಡರೆ ಯಾರಿಗೂ ನೀರಿಲ್ಲ. ಶಾಲೆ, ಆಸ್ಪತ್ರೆ, ರಸ್ತೆ, ಧಾನ್ಯದ ಕಣಜ, ಇವು ಈ ಕಾಲದ ಬಾವಿಗಳು. ಒಂದು ಊರಿನ ಶಾಲೆಯನ್ನು ಮುಚ್ಚಿ ಅದರ ವೆಚ್ಚವನ್ನು ತಲೆತಲೆಗೆ ಹಂಚಿದರೆ, ಆ ಹಣದಿಂದ ಒಬ್ಬ ತಂದೆಯೂ ಇನ್ನೊಂದು ಶಾಲೆಯನ್ನು ಕೊಂಡುಕೊಳ್ಳಲಾರನು.

ಕರ್ಣಾಟಕದ ಅನುಭವವೂ ಇದನ್ನೇ ತೋರಿಸಿದೆ. ೨೦೨೩ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಾಗಿ, ಅಕ್ಕಿ ದೊರೆಯದ ಕಾರಣ, ಕಿಲೋಗೆ ೩೪ ರೂಪಾಯಿಯಂತೆ ತಲೆಗೆ ೧೭೦ ರೂಪಾಯಿಗಳನ್ನು ಸರ್ಕಾರವು ಸಲ್ಲಿಸಿತು. ಆ ದರಕ್ಕೆ ಅಂಗಡಿಯಲ್ಲಿ ಊಟದ ಅಕ್ಕಿ ದೊರೆಯುವುದು ದುಸ್ತರವಾಗಿದ್ದಿತು. ೨೦೨೫ರ ಫೆಬ್ರವರಿಯಲ್ಲಿ ಹಣವನ್ನು ಬಿಟ್ಟು ಮತ್ತೆ ಅಕ್ಕಿಯನ್ನೇ ಕೊಡಲು ಸರ್ಕಾರವು ನಿಶ್ಚಯಿಸಿತು. ಕಣಜವನ್ನು ಕಾಯ್ದಿಟ್ಟುಕೊಂಡವನಿಗೆ ಮಾತ್ರ ಹೀಗೆ ಹಿಂದಿರುಗುವ ದಾರಿಯಿರುವುದು.

ಇನ್ನು ಎಲ್ಲರಿಗೂ ಎಂಬ ಮಾತಿನ ವಿಷಯ. ಹುಟ್ಟಿನಿಂದಲೇ ಹಕ್ಕು ಎಂದು ಸಾರಿದ ಮಿತಾಕ್ಷರೆಯಲ್ಲಿ ಮಗಳು ಹುಟ್ಟಿದರೆ ಆ ಹಕ್ಕಿರಲಿಲ್ಲ. ಕುರುಡನಿಗೂ ಕುಂಟನಿಗೂ ಪಾಲಿರಲಿಲ್ಲ. ಅವರಿಗೆ ಅನ್ನವಸ್ತ್ರದ ಭರಣವು ಮಾತ್ರ. ಹೆಂಗಸರ ಹಕ್ಕನ್ನು ಮೈಸೂರು ಸಂಸ್ಥಾನವು ೧೯೩೩ರ ಕಾನೂನಿನಿಂದ ತಕ್ಕಮಟ್ಟಿಗೆ ವಿಸ್ತರಿಸಿತು. ಕರ್ಣಾಟಕವು ೧೯೯೪ರಲ್ಲಿಯೂ, ಭಾರತವು ೨೦೦೫ರಲ್ಲಿಯೂ ಮಗಳನ್ನು ಮಗನ ಸಮಕ್ಕೆ ತಂದುವು. ಎಂಟುನೂರು ವರ್ಷಕ್ಕೂ ಮಿಕ್ಕ ಕಾಲ ‘ಎಲ್ಲರೂ’ ಎಂಬ ಮಾತಿನಲ್ಲಿ ಅರ್ಧ ಜನರು ಸೇರಿರಲಿಲ್ಲವೆಂಬುದನ್ನು ನೆನೆದರೆ, ಇಂದಿನ ಯೋಜನೆಗಳ ‘ಎಲ್ಲರೂ’ ಎಂಬುದನ್ನೂ ಕಣ್ಣಿಟ್ಟು ನೋಡಬೇಕಾಗುವುದು. ೨೦೨೩ರ ಆಗಸ್ಟ್ ೩೦ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ ೨೦೦೦ ರೂಪಾಯಿಗಳನ್ನು ಗೊತ್ತುಮಾಡಿತು. ಕೈಯಲ್ಲಿ ಸ್ವಂತದ ಕಾಸೆಂಬುದನ್ನು ಕಾಣದಿದ್ದ ಎಷ್ಟೋ ಗೃಹಿಣಿಯರಿಗೆ ಅದು ಮೊದಲನೆಯ ಸಲ ಒಂದು ಲೆಕ್ಕದ ಪುಸ್ತಕವನ್ನು ಕೊಟ್ಟಿತೆಂಬುದು ಸಣ್ಣ ಮಾತಲ್ಲ. ಆದರೂ ಅದು ಮನೆಗೆ ಒಬ್ಬಳಿಗೆ. ಅತ್ತೆಗೆ ಬಂದರೆ ಸೊಸೆಗೆ ಇಲ್ಲ. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರು ಬೀಳದವಳಿಗೆ ಇಲ್ಲ. ಅದು ದಾನದ ಹೊಸ್ತಿಲನ್ನು ದಾಟಿರಬಹುದು. ಭಾಗದ ನಡುಮನೆಗೆ ಇನ್ನೂ ಬಂದಿಲ್ಲ.

ಹಾಗಾದರೆ ಕರ್ತವ್ಯವೇನು? ಬೊಕ್ಕಸದ ಶಕ್ತಿಗೆ ಮೀರಿದುದನ್ನು ಒಂದೇ ಸಲಕ್ಕೆ ಮಾಡಹೋಗುವುದು ಬುದ್ಧಿವಂತಿಕೆಯಲ್ಲ. ಕಾಯಕದ ಆಕ್ಷೇಪವು ತಟ್ಟದ ಎರಡು ವರ್ಗಗಳು ಎಲ್ಲ ಮನೆಗಳಲ್ಲಿಯೂ ಇರುವುವು: ಇನ್ನೂ ದುಡಿಯಲಾರದ ಮಕ್ಕಳು, ಇನ್ನು ದುಡಿಯಲಾರದ ವೃದ್ಧರು. ಇವರಲ್ಲಿ ಬಡವ ಬಲ್ಲಿದರೆಂಬ ಪರೀಕ್ಷೆಯನ್ನು ಬಿಟ್ಟು, ವಯಸ್ಸೊಂದನ್ನೇ ನೋಡಿ ಮೊದಲು ಸಲ್ಲಿಸಿದರೆ ಯೋಜನೆಯ ಗುಣವೂ ದೊರೆಯುವುದು, ಹೊರೆಯೂ ತಾಳುವಷ್ಟಿರುವುದು. ಮೊತ್ತವು ಚುನಾವಣೆಯ ಭಾಷಣದಿಂದ ಹುಟ್ಟದೆ ಕಾನೂನಿನಿಂದ ಹುಟ್ಟಬೇಕು. ಪದಾರ್ಥಗಳ ಬೆಲೆಯೊಡನೆ ತಾನಾಗಿ ಏರಬೇಕು. ನೆಲದ ಅದಿರು, ಕಾಡು, ನೀರು ಮುಂತಾದ ಸರ್ವಸಾಮಾನ್ಯ ಸೊತ್ತಿನಿಂದ ಬರುವ ಉತ್ಪತ್ತಿಯಲ್ಲಿ ಒಂದಂಶವನ್ನು ಇದಕ್ಕೆಂದು ಕೂಡಿಟ್ಟರೆ, ಭಾಗವೆಂಬ ಹೆಸರು ಸಾರ್ಥಕವಾಗುವುದು. ಬಾವಿಗಳನ್ನು ಮಾತ್ರ ಮುಟ್ಟಬಾರದು.

ಯೋಜನೆಯು ಗೆದ್ದಿತೋ ಇಲ್ಲವೋ ಎಂಬುದನ್ನು ಅರಿಯುವುದಕ್ಕೆ ಲೆಕ್ಕಪತ್ರಗಳಷ್ಟೇ ಸಾಲವು. ಹಣವನ್ನು ತರಲು ಹೋದ ಮುದುಕಿಯು ಬ್ಯಾಂಕಿನ ಕಿಟಕಿಯ ಮುಂದೆ ಕೈಮುಗಿದು ‘ಸ್ವಾಮಿ, ಈ ತಿಂಗಳು ಬಂದಿದೆಯೇ’ ಎಂದು ಕೇಳುವಷ್ಟು ಕಾಲವೂ ಅದು ದಾನವೇ. ತಡವಾದುದಕ್ಕೆ ಕಾರಣವೇನೆಂದು ಆಕೆ ನೆಟ್ಟಗೆ ನಿಂತು ಕೇಳಿ, ಒಳಗಿನವನು ಎದ್ದು ಉತ್ತರ ಹೇಳಿದ ದಿನ ಅದು ಭಾಗವಾಯಿತೆಂದು ತಿಳಿಯಬಹುದು.